ಒಂದೇ ಬ್ಯಾಚಿನ ಬಣ್ಣ

ನಮ್ಮತ್ತೆ ಬಣ್ಣ ಬಳಿಯುವವರ ಮೇಸ್ತ್ರಿ. ಹೆಂಗಸು ಮೇಸ್ತ್ರಿಯೇ ಎಂದು ಹುಬ್ಬೇರಿಸುವವರಿಗೆ ಅವಳು ಉತ್ತರ ಕೊಡುವುದಿಲ್ಲ, ಕೈಗೆ ರೋಲರ್ ಕೊಟ್ಟು ಒಂದು ಗೋಡೆ ಮುಗಿಸಿ ತೋರಿಸಿ ಎನ್ನುತ್ತಾಳೆ. ಈ ಊರಿನ ಅರ್ಧ ಮನೆಗಳ ಗೋಡೆಯೊಳಗೆ ಅವಳ ಲೆಕ್ಕ ಅಡಗಿದೆ. ಕೋಣೆಯ ಅಳತೆ, ಬೇಕಾಗುವ ಡಬ್ಬಿ, ಆಳುಗಳ ಕೂಲಿ ಎಲ್ಲವನ್ನೂ ಅವಳು ಪೆನ್ಸಿಲ್ಲಿನಿಂದ ಗೋಡೆಯ ಮೇಲೆಯೇ ಗೀಚುತ್ತಾಳೆ. ಮರುದಿನ ಹೇಗೂ ಅದರ ಮೇಲೆ ಪ್ರೈಮರ್ ಬೀಳುತ್ತದೆ. ಮನೆಯ ಯಜಮಾನರು ಇಷ್ಟು ಲಾಭವೇ ಎಂದು ಅದನ್ನು ಓದಿ ಬೆಚ್ಚುವಷ್ಟರಲ್ಲಿ ಗೋಡೆ ಬೆಳ್ಳಗಾಗಿರುತ್ತದೆ.

ನಾನು ಅವಳ ಅಣ್ಣನ ಮಗಳು. ಓದಲು ಬಂದವಳು ಇಲ್ಲೇ ಉಳಿದೆ. ಗೋಡೆ ಅಳೆಯುವುದು ಮತ್ತು ದುಡ್ಡು ಕೊಡಲು ಸತಾಯಿಸುವವರ ಜೊತೆ ಜಗಳ ಆಡುವುದು ನನ್ನ ಕೆಲಸ. ಎರಡನೆಯದಕ್ಕೆ ನನಗೆ ಯಾರೂ ತರಬೇತಿ ಕೊಡಬೇಕಾಗಲಿಲ್ಲ.

ಮಾವ ಅಂಗಡಿಗಳಿಗೆ ಬೋರ್ಡು ಬರೆಯುತ್ತಾರೆ. ಅವರ ಅಕ್ಷರ ನೋಡಿದರೆ ಮುಚ್ಚಿದ ಅಂಗಡಿಯಲ್ಲೂ ಏನಾದರೂ ಕೊಳ್ಳಬೇಕೆನಿಸುತ್ತದೆ. ಆದರೆ ದುಡ್ಡಿನ ವಿಷಯದಲ್ಲಿ ಅವರಿಗೆ ಯಾರು ಬೇಕಾದರೂ ಟೋಪಿ ಹಾಕಬಹುದು. ಒಮ್ಮೆ ದೊಡ್ಡ ಮಳಿಗೆಯೊಂದರ ಬಾಗಿಲಲ್ಲಿ ಯಾರೋ ಚಕ್ರದ ಸೂಟ್‌ಕೇಸ್ ಪುಕ್ಕಟೆ ಕೊಡುತ್ತೇವೆ ಎಂದರೆಂದು ಕ್ರೆಡಿಟ್ ಕಾರ್ಡಿಗೆ ಸಹಿ ಹಾಕಿ ಬಂದರು. ಸಿನಿಮಾ ಟಿಕೆಟ್ಟಿಗಾಗಿ ಇನ್ನೊಂದು ಕಾರ್ಡು ಬಂತು. ತಿಂಗಳ ಕೊನೆಗೆ ಇಷ್ಟಾದರೂ ಕಟ್ಟಿ ಎಂದು ಬ್ಯಾಂಕು ಕೇಳುವ ಚಿಕ್ಕ ಮೊತ್ತವನ್ನು ಅವರು ಬ್ಯಾಂಕಿನವರ ದೊಡ್ಡ ಗುಣ ಎಂದು ತಿಳಿದು, ಪಾಪ, ತಪ್ಪದೆ ಅಷ್ಟನ್ನೇ ಕಟ್ಟುತ್ತಾ ಬಂದರು. ಉಳಿದದ್ದಕ್ಕೆ ಬಡ್ಡಿ ಬೆಳೆಯುತ್ತಲೇ ಇತ್ತು. ವಿಷಯ ಗೊತ್ತಾದಾಗ ಅತ್ತೆ ಕೂಗಾಡಲಿಲ್ಲ. ತಗಡು ಕತ್ತರಿಸುವ ಕತ್ತರಿಯಿಂದ ಎರಡೂ ಕಾರ್ಡನ್ನು ತುಂಡು ಮಾಡಿ, ಆ ಇಡೀ ಸೀಸನ್ ಒಂದು ದಿನವೂ ರಜೆ ಮಾಡದೆ ದುಡಿದು ಬಾಕಿ ತೀರಿಸಿದಳು. ಮನೆಗೆ ಬರುವ ದಾರಿಯಲ್ಲೇ ಚಕ್ರ ಕಳಚಿಕೊಂಡಿದ್ದ ಸೂಟ್‌ಕೇಸ್ ಗೋದಾಮಿನಲ್ಲಿ ಹಳೆಯ ಬ್ರಷ್‌ಗಳ ಪೆಟ್ಟಿಗೆಯಾಯಿತು.

ಅಂಥ ಅತ್ತೆಯೇ ಒಂದು ದಿನ ತನಗೊಂದು ಕಾರ್ಡು ಬೇಕು ಎಂದಾಗ ಮಾವ ಅನ್ನದ ತಟ್ಟೆಯಿಂದ ತಲೆಯೆತ್ತಿ ನನ್ನ ಮುಖ ನೋಡಿದರು.

ಕಾರಣ ದೊಡ್ಡತ್ತೆ. ಅತ್ತೆಯ ಅಕ್ಕ ನರ್ಸ್ ಕೆಲಸಕ್ಕೆಂದು ಸಮುದ್ರ ದಾಟಿ ಹೋದವಳು ಅಲ್ಲಿಯೇ ಮದುವೆಯಾದಳು, ಗಂಡನನ್ನು ಕಳೆದುಕೊಂಡಳು, ಈಗ ಚಿಕ್ಕದೊಂದು ಮನೆಯಲ್ಲಿ ಒಬ್ಬಳೇ ಇದ್ದಾಳೆ. ಕಣ್ಣು ಅಂಚಿನಿಂದ ಒಳಕ್ಕೆ ಸವೆಯುತ್ತಾ ಬರುವ ಕಾಯಿಲೆ ಅವಳಿಗೆ. ಮದ್ದಿಲ್ಲ, ನಿಧಾನವಾಗಿ ಹೋಗುತ್ತದೆ ಎಂದಿದ್ದರು ವೈದ್ಯರು. ಈ ಅಕ್ಕತಂಗಿಯರು ಹುಟ್ಟಿ ಬೆಳೆದದ್ದು ಬಣ್ಣದಂಗಡಿಯ ಮಹಡಿಯ ಮೇಲೆ. ಅವರ ತಾಯಿ, ಅಂದರೆ ನನ್ನಜ್ಜಿ, ಕೆಳಗೆ ಬಣ್ಣ ಬೆರೆಸುತ್ತಿದ್ದಳು. ಶೇಡ್ ಕಾರ್ಡಿನ ಚೌಕಗಳ ಕೆಳಗಿನ ಹೆಸರನ್ನು ಬೆರಳಿಂದ ಮುಚ್ಚಿ, ಇದು ಯಾವ ಬಣ್ಣ ಹೇಳು ಎಂದು ಕೇಳುವುದು ಮಕ್ಕಳ ಆಟ. ಗೆಲ್ಲುತ್ತಿದ್ದುದು ಯಾವಾಗಲೂ ಅಕ್ಕನೇ. ಈಗಲೂ ಭಾನುವಾರ ವಿಡಿಯೋ ಕರೆಯಲ್ಲಿ ಅದೇ ಆಟ ನಡೆಯುತ್ತಿತ್ತು. ಅಕ್ಕನ ದೃಷ್ಟಿ ಪೂರ್ತಿ ಹೋಗುವುದರೊಳಗೆ ಒಮ್ಮೆ ಎದುರಿಗೆ ನಿಲ್ಲಬೇಕೆಂಬುದು ಅತ್ತೆಯ ಆಸೆ. ಬೇರೆ ಆಸೆಯನ್ನು ಅವಳ ಬಾಯಿಂದ ನಾನು ಕೇಳಿಯೇ ಇಲ್ಲ.

ಆದರೆ ವಿಮಾನದ ಟಿಕೆಟ್ಟಿನ ಬೆಲೆ ಕೈಗೆಟುಕುವಂತಿರಲಿಲ್ಲ. ಡಬ್ಬಿಗಟ್ಟಲೆ ಬಣ್ಣ ಕೊಳ್ಳುವವಳು ಅದನ್ನೇ ಕಾರ್ಡಿನಲ್ಲಿ ಕೊಂಡರೆ, ಖರ್ಚಿಗೆ ಇಷ್ಟೆಂದು ಬ್ಯಾಂಕು ಕೊಡುವ ಪಾಯಿಂಟು ಸೇರಿ ಟಿಕೆಟ್ಟಾಗುತ್ತದೆ ಎಂದು ಸಗಟು ಅಂಗಡಿಯವರು ಹೇಳಿದ ಮಾತು ಅವಳ ತಲೆಯಲ್ಲಿ ಕೂತಿತು. ಖರ್ಚು ಹೇಗೂ ಆಗುವುದೇ. ಗಿರಾಕಿಗಳು ಮುಂಗಡ ಕೊಟ್ಟಿರುತ್ತಾರೆ. ಆ ದುಡ್ಡನ್ನು ಮುಟ್ಟದೆ ಇಟ್ಟು ಗಡುವಿನೊಳಗೆ ಬ್ಯಾಂಕಿಗೆ ಪೂರ್ತಿ ಕಟ್ಟಿದರೆ ಬಡ್ಡಿಯ ಮಾತೇ ಇಲ್ಲ.

ಅತ್ತೆ ಬಣ್ಣ ಆರಿಸುವ ರೀತಿ ಗೊತ್ತಿದ್ದವರಿಗೆ ಮುಂದಿನದು ಆಶ್ಚರ್ಯವಲ್ಲ. ಅವಳು ಗೋಡೆಯ ಮೇಲೆ ನಾಲ್ಕಾರು ಬಣ್ಣದ ಪಟ್ಟಿ ಎಳೆದು, ಬೆಳಗಿನ ಬಿಸಿಲಲ್ಲೊಮ್ಮೆ, ಸಂಜೆ ದೀಪ ಹಾಕಿ ಇನ್ನೊಮ್ಮೆ ನೋಡದೆ ಒಪ್ಪುವವಳಲ್ಲ. ಕಾರ್ಡುಗಳಿಗೂ ಅದೇ ಮರ್ಯಾದೆ ಸಿಕ್ಕಿತು. ಬ್ಯಾಂಕುಗಳ ಹೊಳೆಯುವ ಕಾಗದಗಳನ್ನೆಲ್ಲ ಗೋದಾಮಿನ ಗೋಡೆಗೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ, ಒಂದೊಂದರ ಕೆಳಗೂ ಪೆನ್ಸಿಲ್ಲಿನಿಂದ ಲೆಕ್ಕ ಗೀಚಿದಳು. ವರ್ಷದ ಶುಲ್ಕ ಕಳೆದರೆ ಉಳಿಯುವುದೆಷ್ಟು, ಈ ಪಾಯಿಂಟು ಯಾವ ವಿಮಾನಕ್ಕೆ ಸಲ್ಲುತ್ತದೆ, ಆ ವಿಮಾನ ಅಕ್ಕನ ಊರಿಗೆ ಹೋಗುತ್ತದೆಯೇ, ಇಟ್ಟ ಪಾಯಿಂಟು ಅವಧಿ ಮುಗಿದು ಸಾಯುತ್ತದೆಯೇ, ಹೊರದೇಶದಲ್ಲಿ ಕಾರ್ಡು ಉಜ್ಜಿದರೆ ಮೇಲೆ ಇಷ್ಟು ಎಂದು ಕೀಳುತ್ತಾರೆಯೇ. ಗೊತ್ತಾಗದ್ದನ್ನು ಫೋನ್ ಮಾಡಿ ಕೇಳಿದಳು. ಒಂದು ಬ್ಯಾಂಕಿನ ಹುಡುಗಿಯಂತೂ ಕೇಳಿದ್ದನ್ನೇ ಎಷ್ಟು ಸಲ ಕೇಳಿದರೂ ಬೇಸರವಿಲ್ಲದೆ ಹೇಳಿದಳು. ಅಷ್ಟು ತಾಳ್ಮೆ ನನಗಿದ್ದಿದ್ದರೆ ನಾನು ಬೇರೆ ಕೆಲಸ ಹಿಡಿಯುತ್ತಿದ್ದೆ.

ಮಾವನ ಮನಸ್ಸು ಒಂದು ಕಪ್ಪು ಕಾರ್ಡಿನ ಮೇಲೆ ಹೋಗಿತ್ತು. ಅದು ಇದ್ದವರಿಗೆ ವಿಮಾನ ನಿಲ್ದಾಣದಲ್ಲಿ ಮೆತ್ತನೆಯ ಕುರ್ಚಿ, ಪುಕ್ಕಟೆ ಊಟ.

“ಊಟ ಮಾಡೋಕೆ ಅಷ್ಟು ದೂರ ಹೋಗ್ಬೇಕಾ?” ಎಂದಳು ಅತ್ತೆ. “ನಾವು ಮಾಡೋ ಖರ್ಚಿಗೆ ಏನು ಕೊಡ್ತಾರೆ ನೋಡಿ. ಕೊಡ್ತಾರೆ ಅಂತ ಖರ್ಚು ಮಾಡೋದಲ್ಲ.”

ಮಾವ ತಮ್ಮ ಸೂಟ್‌ಕೇಸಿನ ಕಡೆ ನೋಡಿ, ಕಪ್ಪು ಕಾರ್ಡಿನ ಕಾಗದವನ್ನು ತಾವೇ ಗೋಡೆಯಿಂದ ಕಿತ್ತರು. ಕೊನೆಗೆ ಗೆದ್ದದ್ದು ಆ ತಾಳ್ಮೆಯ ಹುಡುಗಿಯ ಬ್ಯಾಂಕಿನ ಬೂದು ಕಾರ್ಡು. ಹೊಳಪಿಲ್ಲ, ಉಡುಗೊರೆಯಿಲ್ಲ, ಹೊರದೇಶದ ಶುಲ್ಕವೂ ಇಲ್ಲ. ಬಣ್ಣ, ಪುಟ್ಟಿ, ಉಪ್ಪುಕಾಗದ, ಸ್ಕೂಟರಿನ ಪೆಟ್ರೋಲು ಎಲ್ಲವೂ ಅದರ ಮೇಲೆ ನಡೆಯಿತು. ಮುಂಗಡದ ದುಡ್ಡು ಬೇರೆ ಖಾತೆ ಸೇರಿತು, ಕೆಲಸವಿಲ್ಲದ ತಿಂಗಳುಗಳಿಗೆಂದು ಸ್ವಲ್ಪ ಪಕ್ಕಕ್ಕೆ ಸರಿಯಿತು, ಬಿಲ್ಲು ಬಂದ ದಿನವೇ ಪೂರ್ತಿ ತೀರಿತು. ಬ್ಯಾಂಕು ಅವಳಿಂದ ಬಡ್ಡಿಯ ರುಚಿಯನ್ನೇ ನೋಡಲಿಲ್ಲ. ಗೋಡೆಯ ಮೇಲಿನ ಪಾಯಿಂಟಿನ ಗೆರೆ ಮೇಲೇರುತ್ತಾ ಹೋಯಿತು. ನಾನು ಜಂಬದಿಂದ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಒಂದು ಟಿಕೆಟ್ಟಿಗೆ ಸಾಕಾಗುವಷ್ಟು ಪಾಯಿಂಟು ಸೇರಿದ ದಿನ, ಇನ್ನೇನು ಹೊರಡು ಎಂದೆ. ಅತ್ತೆ ಆಗುವುದಿಲ್ಲ ಎಂದಳು. ಹೋದರೆ ಮಾವನೂ ಬರಬೇಕು. ದೊಡ್ಡತ್ತೆಗೆ ಅವರೆಂದರೆ ಸ್ವಂತ ತಮ್ಮನಷ್ಟು ಸಲಿಗೆ. ಅದು ನಿಜವೇ. ಆದರೆ ಅಸಲು ಕಾರಣ ಬೇರೆ. ಒಂದು ಗೋಡೆಗೆ ಬೇಕಾದಷ್ಟೂ ಬಣ್ಣ, ಅದೂ ಒಟ್ಟಿಗೆ ಕಲಸಿ ತಯಾರಾದ ಒಂದೇ ಬ್ಯಾಚಿನದು, ಕೈಯಲ್ಲಿಲ್ಲದೆ ಅವಳು ಬ್ರಷ್ ಅದ್ದುವವಳೇ ಅಲ್ಲ. ಅರ್ಧದಲ್ಲಿ ಮುಗಿದು ಬೇರೆ ಬ್ಯಾಚಿನ ಡಬ್ಬಿ ತಂದರೆ ಹೆಸರು ಅದೇ ಇದ್ದರೂ ಬಣ್ಣ ಕೂದಲೆಳೆಯಷ್ಟು ಬೇರೆಯಾಗಿ, ಗೋಡೆಯ ನಡುವೆ ಗೆರೆ ಎದ್ದು ಕಾಣುತ್ತದೆ. ಗೋಡೆಗೆ ಸರಿಯಾದ ಈ ನಿಯಮವನ್ನು ಅವಳು ಬದುಕಿಗೂ ಬಳಿದುಬಿಟ್ಟಿದ್ದಳು.

“ಅರ್ಧ ಗೋಡೆಗೆ ಬಣ್ಣ ಇಟ್ಕೊಂಡು ಯಾರು ಕೆಲಸ ಶುರು ಮಾಡ್ತಾರೆ?” ಎಂದು ನನ್ನನ್ನೇ ಕೇಳಿದಳು.

ದೊಡ್ಡತ್ತೆಯ ಕಣ್ಣು ಗೋಡೆಯಲ್ಲ ಎಂದು ನಾನು ಬಾಯಿ ಬಡಿದುಕೊಂಡೆ. ನನ್ನ ಬೇಳೆ ಬೇಯಲಿಲ್ಲ. ಅಷ್ಟರಲ್ಲಿ ಬ್ಯಾಂಕಿನ ಹುಡುಗಿಯೇ ಫೋನ್ ಮಾಡಿ, ಮುಂದಿನ ತಿಂಗಳಿಂದ ಆ ದಾರಿಯ ಟಿಕೆಟ್ಟಿಗೆ ಇನ್ನೂ ಹೆಚ್ಚು ಪಾಯಿಂಟು ಬೇಕಾಗುತ್ತದೆ, ಬಳಸುವುದಿದ್ದರೆ ಈಗಲೇ ಬಳಸಿ ಎಂದಳು. ಈಗಲಾದರೂ ಬುದ್ಧಿ ಬರುತ್ತದೆ ಎಂದುಕೊಂಡೆ. ಅತ್ತೆ ಪೆನ್ಸಿಲ್ ಚೂಪು ಮಾಡಿಕೊಂಡು ಹಳೆಯ ಗುರಿಯನ್ನು ಅಳಿಸಿ, ಗೋಡೆಯಲ್ಲಿ ಇನ್ನೂ ಎತ್ತರಕ್ಕೆ ಹೊಸ ಗುರಿ ಗೀಚಿದಳು. ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅದು ಅವಳ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಆ ಭಾನುವಾರ ಹೊಸ ಶೇಡ್ ಕಾರ್ಡು ಬಂದಿತ್ತು. ಅತ್ತೆ ಒಂದು ಚೌಕದ ಹೆಸರನ್ನು ಬೆರಳಿಂದ ಮುಚ್ಚಿ ಫೋನಿನ ಎದುರು ಹಿಡಿದಳು. ಅಪ್ಪಟ ಎಲೆಹಸಿರು. ಮಗುವೂ ಹೇಳಬಹುದಾದ ಬಣ್ಣ. ದೊಡ್ಡತ್ತೆ ಮುಖವನ್ನು ಅತ್ತಿತ್ತ ಸರಿಸಿ ಹುಡುಕಿದಳು.

“ಬೂದಿ ಬಣ್ಣ,” ಎಂದಳು. “ಮೋಡದ್ದು.”

“ನೀನೇ ಗೆದ್ದೆ ಅಕ್ಕ,” ಎಂದಳು ಅತ್ತೆ.

ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಶೇಡ್ ಕಾರ್ಡು ಮಡಚಿ ಕೆಳಗಿಟ್ಟು, ಕಣ್ಣು ಹೇಗಿದೆ, ನಿಜ ಹೇಳು ಎಂದು ಕೇಳಿದಳು. ದೊಡ್ಡತ್ತೆ, ಹಳದಿಯೊಂದು ಬಿಟ್ಟು ಉಳಿದ ಬಣ್ಣಗಳೆಲ್ಲ ಕಲಸಿಹೋಗಿವೆ ಎಂದಳು.

“ನಡುವೆ ಒಂದು ಕಿಂಡಿ ಉಳಿದಿದೆ ಕಣೇ. ಹತ್ತಿರ ಬಂದ್ರೆ ಅದರಲ್ಲಿ ಒಂದು ಮುಖ ಹಿಡಿಸುತ್ತೆ. ಎಷ್ಟು ದಿನವೋ ಗೊತ್ತಿಲ್ಲ.”

ಕರೆ ಮುಗಿದ ಮೇಲೆ ಅತ್ತೆ ಬಣ್ಣದ ಡಬ್ಬಿಯ ಮೇಲೆ ಕುಳಿತು ಅತ್ತಳು. ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕ ಬಟ್ಟೆಯಲ್ಲಿ ಟರ್ಪೆಂಟೈನ್ ಇದ್ದು ಕಣ್ಣು ಇನ್ನಷ್ಟು ಉರಿಯಿತು. ಮಾವ ಒದ್ದೆ ಟವೆಲ್ ತಂದುಕೊಟ್ಟು ಪಕ್ಕದಲ್ಲಿ ಕುಳಿತರು.

“ನಾನು ಬೋರ್ಡು ಬರೆಯೋವಾಗ ಒಂದೊಂದೇ ಅಕ್ಷರ ಬರೀತೀನಿ,” ಎಂದರು. “ಎಲ್ಲ ಒಟ್ಟಿಗೆ ಬರಲ್ಲ. ಮೊದಲು ನೀನು ಹೋಗು.”

ಮಾವನ ಬಾಯಿಂದ ದುಡ್ಡಿಗೆ ಸಂಬಂಧಿಸಿದ ಬುದ್ಧಿಮಾತು ಬಂದದ್ದು ಆವತ್ತೇ. ಮರುದಿನ ಬ್ಯಾಂಕಿನ ಹುಡುಗಿಯ ಸಹಾಯದಿಂದ ಪಾಯಿಂಟುಗಳೆಲ್ಲ ಒಂದು ಟಿಕೆಟ್ಟಾದವು. ಬ್ರಷ್‌ಗಳನ್ನು ಕೆಳಗೆ ಸುರಿದು, ಪುಕ್ಕಟೆ ಸೂಟ್‌ಕೇಸಿಗೆ ಹಳೆಯ ಕೈಗಾಡಿಯ ಚಕ್ರ ಜೋಡಿಸಲಾಯಿತು. ಮಾವ ಅದರ ಮೇಲೆ ಅತ್ತೆಯ ಹೆಸರನ್ನು ಎಷ್ಟು ದೊಡ್ಡದಾಗಿ ಬರೆದರೆಂದರೆ ಆಕಾಶದಿಂದಲೂ ಓದಬಹುದಿತ್ತು. ಅತ್ತೆ ಬಟ್ಟೆಗಳ ನಡುವೆ ತನ್ನ ಇಷ್ಟದ ಬ್ರಷ್ ಒಂದನ್ನು ಸಿಕ್ಕಿಸಿಕೊಂಡಳು. ಯಾಕೆಂದು ಕೇಳಿದ್ದಕ್ಕೆ ಅಭ್ಯಾಸ ಎಂದಳು.

ಅಲ್ಲಿ ನಡೆದದ್ದನ್ನು ಅವಳು ಬಂದ ಮೇಲೆ ಹೇಳಿದಳು. ನಿಲ್ದಾಣದ ಬಾಗಿಲಲ್ಲಿ ದೊಡ್ಡತ್ತೆ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹತ್ತಿರಕ್ಕೆ ಎಳೆದು, ತನ್ನ ಕಿಂಡಿಗೆ ಸರಿಯಾಗುವಂತೆ ತಿರುಗಿಸಿ, ಹಣೆಯಿಂದ ಗಲ್ಲದವರೆಗೆ ಸಾವಕಾಶವಾಗಿ ನೋಡಿದಳಂತೆ. ಯಾರೆದುರೂ ಒಂದು ನಿಮಿಷ ಸುಮ್ಮನೆ ನಿಲ್ಲದ ನಮ್ಮತ್ತೆ ಅಲುಗಾಡದೆ ನಿಂತಳಂತೆ.

“ತಲೆ ಬೆಳ್ಳಗಾಗಿದೆ ಅಂತ ಹೇಳ್ಲೇ ಇಲ್ಲ ನೀನು.”

“ಶೇಡ್ ಬದಲಾಯಿಸಿದೀನಿ ಅಕ್ಕ.”

ಮನೆಗೆ ಹೋಗಿ ನೋಡಿದರೆ ಅತ್ತೆಯ ಪಿತ್ತ ನೆತ್ತಿಗೇರಿತು. ಗೋಡೆ ಬಿಳಿ, ಬಾಗಿಲು ಬಿಳಿ, ಮೆಟ್ಟಿಲು ಬಿಳಿ, ಸ್ವಿಚ್ಚು ಬಿಳಿ. ಎಲ್ಲಿ ಗೋಡೆ ಮುಗಿದು ಎಲ್ಲಿ ಬಾಗಿಲು ಶುರುವಾಗುತ್ತದೆಂದು ತಿಳಿಯದೆ ದೊಡ್ಡತ್ತೆಯ ತೋಳಿನ ತುಂಬ ಡಿಕ್ಕಿ ಹೊಡೆದ ಗಾಯ. ಯಾವ ಪುಣ್ಯಾತ್ಮ ಈ ಮನೆಗೆ ಬಣ್ಣ ಬಳಿದ ಎಂದು ಅತ್ತೆ ಅವನ ವಂಶವನ್ನೆಲ್ಲ ನೆನೆದಳು. ಮರುದಿನ ಬೆಳಗ್ಗೆ ಬೂದು ಕಾರ್ಡು ಹಿಡಿದು ಅಲ್ಲಿಯ ಬಣ್ಣದಂಗಡಿಗೆ ಹೋಗಿ, ಇರುವುದರಲ್ಲೇ ಢಾಳಾದ ಹಳದಿ ಕೊಂಡಳು. ಗೋದಾಮಿನ ಗೋಡೆಯ ಮೇಲೆ ಗೀಚಿಕೊಂಡಿದ್ದಂತೆಯೇ ಬ್ಯಾಂಕು ಹೊರದೇಶದ ಶುಲ್ಕವೆಂದು ಒಂದು ಕಾಸೂ ಹೆಚ್ಚು ಹಿಡಿಯಲಿಲ್ಲ, ಪಾಯಿಂಟೂ ಬಂತು. ಇದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಗೆಲುವನ್ನು ನೋಡಬೇಕಿತ್ತು.

ಮೆಟ್ಟಿಲುಗಳ ಅಂಚು, ಬಾಗಿಲ ಚೌಕಟ್ಟುಗಳು, ಸ್ವಿಚ್ಚಿನ ಸುತ್ತ, ಕಿಟಕಿಯ ಹಲಗೆ ಎಲ್ಲ ಹಳದಿಯಾದವು. ದೊಡ್ಡತ್ತೆ ಕುರ್ಚಿ ಹಾಕಿಕೊಂಡು ಕೂತು, ಅಲ್ಲಿ ಬಿಟ್ಟಿದೆ, ಇಲ್ಲಿ ತೆಳುವಾಗಿದೆ ಎಂದು ಕಾಣದಿದ್ದರೂ ತಪ್ಪು ಹುಡುಕಿದಳು. ಕೊನೆಗೆ ಉಳಿದದ್ದು ಅಡುಗೆಮನೆಯ ಬಾಗಿಲ ಚೌಕಟ್ಟು. ಅಕ್ಕ ತಪ್ಪು ಹುಡುಕಿದಲ್ಲೆಲ್ಲ ಮತ್ತೊಂದು ಕೈ ಬಳಿದಿದ್ದರಿಂದ, ಲೆಕ್ಕ ಹಾಕಿ ತಂದಿದ್ದ ಬಣ್ಣ ಅಷ್ಟರಲ್ಲಿ ಮುಗಿಯಿತು. ಅಂಗಡಿಯಲ್ಲಿ ಆ ಬ್ಯಾಚು ಇರಲಿಲ್ಲ. ಸಿಕ್ಕಿದ ಹಳದಿ ಕಿತ್ತಳೆಯ ಕಡೆಗೆ ತಿರುಗಿತ್ತು. ಮರುದಿನ ಅವಳ ವಿಮಾನ. ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ಕುಳಿತ ಅತ್ತೆ, ಜೀವನದಲ್ಲಿ ಮೊದಲ ಬಾರಿಗೆ, ಹೊಂದದ ಬಣ್ಣಕ್ಕೆ ಬ್ರಷ್ ಅದ್ದಿದಳು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದ ಸುದ್ದಿ ಅಡುಗೆಮನೆಯ ಬಾಗಿಲು ಕೆಟ್ಟಿತೆಂದು. ಅಕ್ಕನ ವಿಷಯ ಆಮೇಲೆ ಬಂತು.

ಅಲ್ಲಿಂದಾಚೆ ಪಾಯಿಂಟಿನ ಗೆರೆ ಮತ್ತೆ ಕೆಳಗಿನಿಂದ ಹೊರಟಿತು. ಈ ಸಲ ಮಾವನ ಟಿಕೆಟ್ಟು. ತನ್ನದಕ್ಕೆಂದು ಅತ್ತೆ ತಿಂಗಳು ತಿಂಗಳು ದುಡ್ಡು ಎತ್ತಿಡುತ್ತಾ ಬಂದಳು. ಲೆಕ್ಕದ ಕೆಳಗೆ ‘ಹಳದಿ, ಒಂದೇ ಬ್ಯಾಚು, ಅಡುಗೆಮನೆ’ ಎಂದು ದಪ್ಪಗೆ ಬರೆದಿಟ್ಟಳು. ಭಾನುವಾರದ ಕರೆಗಳಲ್ಲಿ ಶೇಡ್ ಕಾರ್ಡಿನ ಆಟ ನಿಂತಿತು. ಇಬ್ಬರೂ ಸುಮ್ಮನೆ ಹರಟುತ್ತಿದ್ದರು.

ಕಳೆದ ವಾರ ಎರಡೂ ಟಿಕೆಟ್ಟು ಕೈಗೆ ಬಂದವು. ಅತ್ತೆ ಅಕ್ಕನಿಗೆ ಫೋನ್ ಮಾಡಿ, ನಾವಿಬ್ಬರೂ ಬರುತ್ತಿದ್ದೇವೆ, ಆ ಕೆಟ್ಟ ಬಾಗಿಲನ್ನು ಉಜ್ಜಿ ಹೊಸದಾಗಿ ಬಳಿದುಕೊಡುತ್ತೇನೆ ಎಂದಳು.

“ಅದನ್ನ ಮಾತ್ರ ಮುಟ್ಟಬೇಡ,” ಎಂದಳು ದೊಡ್ಡತ್ತೆ. ದನಿ ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಗಟ್ಟಿಯಾಗಿಯೇ ಇತ್ತು. “ಕಿಂಡಿ ಮುಚ್ಚಿತು ಕಣೇ. ಮುಖ ಯಾವುದೂ ಈಗ ಕಾಣಲ್ಲ, ನಿಂದು ನೋಡಿಟ್ಕೊಂಡಿದೀನಿ, ಅಷ್ಟೇ. ಹಳದಿ ಮಾತ್ರ ಮಂಜಿನ ಹಾಗೆ ಕಾಣುತ್ತೆ. ಎಲ್ಲ ಬಾಗಿಲೂ ಒಂದೇ ಥರ, ಯಾವುದು ಎಲ್ಲಿಗೆ ಅಂತ ಗೊತ್ತಾಗಲ್ಲ. ಅದೊಂದು ಸ್ವಲ್ಪ ಗಾಢ, ಬೇರೆ ಇದೆ ನೋಡು, ಅದನ್ನ ಗುರುತು ಇಟ್ಕೊಂಡೇ ನಾನು ಮನೆಯೆಲ್ಲ ಓಡಾಡೋದು.”

ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡೇ ಗೋಡೆಯ ಹತ್ತಿರ ಹೋದಳು. ಒಂದೇ ಬ್ಯಾಚು ಎಂದು ದಪ್ಪಗೆ ಬರೆದಿದ್ದ ಸಾಲನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಅಳಿಸಿದಳು.