ಬೇಲಿಯೊಳಗಿನ ಆರಡಿ ಮೂರಡಿ

ನಮ್ಮಣ್ಣ ಕೊರ್ನೀಸನಿಗೆ ಮಾತಿಗಿಂತ ಕೈ ಮುಂದು. ನವೆಂಬರ್ ಬಂತೆಂದರೆ ಹಂದಿ ಕೊಯ್ಯಲು ಊರಿನ ಮನೆಮನೆಗೂ ಅವನೇ ಬೇಕು. ಒಂದೇ ತಿವಿತ, ಹಂದಿಗೆ ಕಿರುಚಲೂ ಪುರುಸೊತ್ತಿಲ್ಲ, ಇವನಿಗೆ ಮೊಣಕೈವರೆಗೂ ರಕ್ತ. ಅದೇ ಕೈ ತೊಳೆದುಕೊಂಡು ಊಟಕ್ಕೆ ಕೂತರೆ ಹೆಂಗಸರೆಲ್ಲ ರೇಗಿಸುವವರೇ.

“ನಿನ್ನ ಕಟ್ಕೊಂಡೋಳು ಚೂರಿ ಪಕ್ಕ ಮಲಗ್ಬೇಕಲ್ಲೋ ಕೊರ್ನೀಸಾ!”

“ಚೂರಿ ಗೊರಕೆ ಹೊಡಿಯಲ್ಲ, ಅಷ್ಟು ವಾಸಿ,” ಅನ್ನುವನು. ಮದುವೆ ಮಾತ್ರ ಆಗಲೇ ಇಲ್ಲ. ಮಕ್ಕಳಾದರೆ ಹೊಡೆದುಬಿಡುತ್ತೇನೇನೋ ಎಂಬ ಭಯ ಅವನಿಗೆ. ನನ್ನೊಬ್ಬಳ ಹತ್ತಿರ ಹೇಳಿದ್ದ.

ಭಯಕ್ಕೆ ಕಾರಣವಿತ್ತು. ನಮ್ಮಪ್ಪ ಚರ್ಚಿನ ಬೋಧಕ. ಭಾನುವಾರ ಬಂದರೆ, ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ಕೊಡಿ ಎಂದು ಕಣ್ಣೀರು ಹಾಕಿಕೊಂಡು ಹೇಳುವನು. ನಮ್ಮ ಹಿರಿಯರು ಬಂದೂಕು ಹಿಡಿಯಲಾರೆವೆಂದು ರಷ್ಯಾ ಬಿಟ್ಟು ಈ ಮ್ಯಾನಿಟೋಬಾದ ಬಯಲಿಗೆ ಬಂದವರಲ್ಲವೇ. ಸೋಮವಾರ ಅದೇ ಅಪ್ಪ ಕುದುರೆಗೆ ಕಟ್ಟುವ ಚರ್ಮದ ಪಟ್ಟಿಯಿಂದ ನಮ್ಮ ಬೆನ್ನು ಸುಲಿಯುವನು. ಕೊರ್ನೀಸನ ಎರಡು ಹಲ್ಲು ಹೋದದ್ದು ಹಾಗೆಯೇ. ನಮ್ಮ ಕೊನೆಯವಳು ಆಗಾಥ ಹಾಲಿನ ಬಕೆಟ್ಟು ಚೆಲ್ಲಿದ ದಿನ ಅಪ್ಪನ ಕೈಗೆ ಪಟ್ಟಿ ಸಿಗಲಿಲ್ಲ, ಗಾಡಿಯ ಅಡ್ಡಕೊರಡು ಸಿಕ್ಕಿತು. ಮೂರು ಏಟು. ನಾನು ಎಣಿಸಿದ್ದೇನೆ, ಎಂಟು ವರ್ಷ ನನಗೆ. ಎರಡು ದಿನ ಒಲೆಯ ಹಿಂದೆ ಮಲಗಿದ್ದು ಮಗು ಹೋಯಿತು. ಅಟ್ಟದಿಂದ ಬಿದ್ದಳು ಎಂದು ಊರಿಗೆ ಹೇಳಿದ್ದಾಯಿತು. ನಮ್ಮವರು ಆಣೆ ಇಡುವುದಿಲ್ಲ, ಆದರೂ ಅಮ್ಮ ನಮ್ಮಿಬ್ಬರಿಂದ ಮಾತು ತೆಗೆದುಕೊಂಡಳು: ಯಾರಿಗೂ ಹೇಳಕೂಡದು.

ಆಗಾಥಳನ್ನು ಹಳೆಯ ಸ್ಮಶಾನದಲ್ಲಿ, ಮೊದಲು ಬಂದ ಹಿರಿಯರ ನಡುವೆ, ಬೇಲಿಯ ಮೂಲೆಯಲ್ಲಿ ಇಟ್ಟರು. ನೆಟ್ಟ ಹಲಗೆ ಇಪ್ಪತ್ತು ವರ್ಷಕ್ಕೆ ಕೊಳೆತುಹೋಯಿತು. ಆಮೇಲೆ ಅಲ್ಲಿ ಬರೀ ಹುಲ್ಲು. ಬೇಸಾಯ ಬಿಟ್ಟ ಮೇಲೆ ಕೊರ್ನೀಸ್ ಆ ಸ್ಮಶಾನದ ಹುಲ್ಲು ಕೊಯ್ಯುವ ಕೆಲಸ ಹಿಡಿದ. ಯಂತ್ರ ಬೇಡವೆಂದ, ಮಲಗಿದವರು ಅದುರುತ್ತಾರಂತೆ. ಉದ್ದ ಹಿಡಿಯ ಕುಡುಗೋಲೇ ಆಗಬೇಕು. ಕೂಲಿಯ ಬದಲು ಒಂದೇ ಕೇಳಿದ: ಸತ್ತ ಮೇಲೆ ಆ ಮೂಲೆಯಲ್ಲಿ ಜಾಗ. ಚರ್ಚಿನ ಸಭೆಯವರು ಒಪ್ಪಿದರು.

ಅಷ್ಟರಲ್ಲಿ ಈ ಜಿಯೋಕ್ಯಾಶಿಂಗ್ ಬಂತು. ಯಾರೋ ಒಬ್ಬ ಸಣ್ಣ ಡಬ್ಬಿ ಬಚ್ಚಿಟ್ಟು ಜಾಗದ ಗುರುತನ್ನು ಇಂಟರ್ನೆಟ್ಟಿಗೆ ಹಾಕುವುದು. ಮಿಕ್ಕವರು ಫೋನು ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಮತ್ತೆ ಇಟ್ಟು ಹೋಗುವುದು. ದೊಡ್ಡವರ ಕಣ್ಣಾಮುಚ್ಚಾಲೆ. ನಮ್ಮ ಬೇಲಿಯ ಮೂಲೆಗಂಬಕ್ಕೂ ಯಾರೋ ಅಂಥದೊಂದು ಡಬ್ಬಿ ಸಿಕ್ಕಿಸಿದ್ದರು. ಕೊರ್ನೀಸ್ ಅದನ್ನು ಕಿತ್ತು ಚರಂಡಿಗೆ ಎಸೆದ. ತಪ್ಪಾದದ್ದೇ ಅಲ್ಲಿ. ಡಬ್ಬಿ ಕಂಬದಲ್ಲೇ ಇದ್ದಿದ್ದರೆ ಬಂದವರು ಹೆಸರು ಬರೆದು ಹೋಗುತ್ತಿದ್ದರು.

ಒಂದು ಶನಿವಾರ ವಿನಿಪೆಗ್ಗಿನಿಂದ ಪ್ರೊಕೊಪ್ ಎಂಬಾತ ಬಂದ, ಕೆಲಸದಿಂದ ನಿವೃತ್ತನಾದ ಎಲೆಕ್ಟ್ರಿಷಿಯನ್. ಕಂಬದಲ್ಲಿ ಡಬ್ಬಿ ಸಿಗಲಿಲ್ಲ, ನೆಲದೊಳಗಿದೆಯೇನೋ ಎಂದು ಸ್ಕ್ರೂಡ್ರೈವರ್ ತೆಗೆದು ಹುಲ್ಲಿಗೆ ಚುಚ್ಚತೊಡಗಿದ. ಚುಚ್ಚಿದ್ದು ಆಗಾಥಳ ಮೇಲೆ.

ನಾನು ಕಾಫಿ ತರುತ್ತಿದ್ದೆ, ಕಣ್ಣಾರೆ ಕಂಡೆ. ಕೊರ್ನೀಸ್ ಕುಡುಗೋಲನ್ನು ತಿರುವಿ ಹಿಡಿದು ಮರದ ಹಿಡಿಯಿಂದ ಬೀಸಿದ. ಆತನ ಮೊಣಕೈ ಮುರಿದದ್ದು ರಸ್ತೆಗೆ ಕೇಳಿಸಿತು. ಆತ ಬಿದ್ದ. ಇವನು ಎದೆಯ ಮೇಲೆ ಮಂಡಿಯೂರಿ ಕತ್ತು ಹಿಡಿದ. ಎಪ್ಪತ್ತಾರು ವರ್ಷದ ಕೈ, ಕಬ್ಬಿಣ. ಆತನ ಮುಖ ನೀಲಿಗಟ್ಟಿತು.

“ಬಿಡೋ! ಕೊಲ್ತೀಯೇನೋ ಪಾಪಿ!” ಎಂದು ಕೂಗಿದೆ. ಕೇಳಲಿಲ್ಲ. ಉಕ್ಕಿನ ಫ್ಲಾಸ್ಕಿನಿಂದ ಅವನ ತಲೆಗೆ ಬಾರಿಸಿದೆ. ಎರಡನೆಯ ಏಟಿಗೆ ಬಿಟ್ಟ.

ಪೊಲೀಸಿನವನು ಕೇಳಿದ, “ಕೊಲ್ಲೋ ಉದ್ದೇಶ ಇತ್ತಾ ತಾತಾ?”

“ಇತ್ತು. ಇವಳು ಬರ್ದೇ ಇದ್ರೆ ಕೊಂದೇಬಿಡ್ತಿದ್ದೆ.”

ಪಾಪ, ಆ ಹುಡುಗ ಪೆನ್ನು ಕೆಳಗಿಟ್ಟ. “ಯೋಚ್ನೆ ಮಾಡಿ ಹೇಳಿ.”

“ಯೋಚ್ನೆ ಏನ್ ಬಂತು? ಹೌದಂದ್ರೆ ಹೌದು.”

ನಮ್ಮವರಿಗೆ ಬೇರೆ ಥರ ಉತ್ತರ ಕೊಡಲು ಬರುವುದಿಲ್ಲ, ಏನು ಮಾಡೋಣ. ಪ್ರೊಕೊಪನೇ ಜೈಲು ಬೇಡವೆಂದದ್ದರಿಂದ ಕೋರ್ಟು ಎಚ್ಚರಿಸಿ ಬಿಟ್ಟಿತು. ಸಭೆ ಬಿಡಲಿಲ್ಲ. ಕೈ ಎತ್ತುವುದಕ್ಕಿಂತ ದೊಡ್ಡ ಪಾಪ ನಮ್ಮಲ್ಲಿಲ್ಲ. ಏಟು ತಿಂದವನ ಎದುರು, ಎಲ್ಲರ ಮುಂದೆ ತಪ್ಪಾಯಿತೆನ್ನಬೇಕು. ಇಲ್ಲವಾದರೆ ಬಹಿಷ್ಕಾರ. ಬಹಿಷ್ಕಾರವಾದವನಿಗೆ ಬೇಲಿಯೊಳಗೆ ಜಾಗವಿಲ್ಲ.

ಸಭೆಯ ದಿನ ಪ್ರೊಕೊಪ್ ಬ್ಯಾಂಡೇಜು ಕೈ ಹೊತ್ತು ಮುಂದೆ ಕೂತಿದ್ದ. ಸಭೆಯ ಹಿರಿಯ ಗೆರ್ಹಾರ್ಡ್ ವಾಲ್ ಕೇಳಿದ, “ತಪ್ಪಾಯ್ತಾ ಕೊರ್ನೀಸಣ್ಣ?”

“ಇಲ್ಲ.”

“ಒಂದು ಮಾತು ಅಂದ್ಬಿಡೋ ಮಾರಾಯಾ.”

“ಸುಳ್ಳು ಹೇಳಿ ಆ ಮಗು ಪಕ್ಕ ಮಲಗ್ಲಾ?”

“ಯಾವ ಮಗು?”

ನಾನು ಹೆಂಗಸರ ಬೆಂಚಿನಿಂದ ಎದ್ದೆ. ಅಲ್ಲಿ ಹೆಂಗಸರು ಮಾತಾಡುವ ಪದ್ಧತಿಯಿಲ್ಲ. ಮಾತಾಡಿದೆ. ಹಾಲು, ಅಡ್ಡಕೊರಡು, ಮೂರು ಏಟು, ಎಲ್ಲ.

ಕೊರ್ನೀಸ್ ಗಂಡಸರ ಬೆಂಚು ದಾಟಿ ಬಂದು ನನ್ನ ಭುಜ ಹಿಡಿದು ಕುಲುಕಿದ. ತಲೆವಸ್ತ್ರ ಹಾರಿಹೋಯಿತು. “ಅಮ್ಮಂಗೆ ಮಾತು ಕೊಟ್ಟಿದ್ವಲ್ಲೇ, ದರಿದ್ರದೋಳೇ!” ತಡೆಯಲು ಬಂದ ಇಬ್ಬರಲ್ಲಿ ಒಬ್ಬನನ್ನು ಗೋಡೆಗೆ ನೂಕಿದ. ಮುಷ್ಟಿ ಬೀಸಿದ. ನನಗೆ ತಾಗಲಿಲ್ಲ, ಬೆಂಚಿನ ಹಲಗೆ ಸೀಳಿತು, ಗೆಣ್ಣುಗಳಿಂದ ರಕ್ತ.

ಆಗ ಪ್ರೊಕೊಪ್ ಎದ್ದು ಕೇಳಿದ, “ಯಜಮಾನ್ರೇ, ಆ ಮಗೂ ಹೆಸ್ರೇನು?”

ಅರವತ್ತೈದು ವರ್ಷದಲ್ಲಿ ಅದನ್ನು ಕೇಳಿದವನು ಅವನೊಬ್ಬನೇ. ಕೊರ್ನೀಸನ ಕೈ ಕೆಳಗಿಳಿಯಿತು.

“ಆಗಾಥ. ಆರು ವರ್ಷ.”

“ಗೊತ್ತಿದ್ರೆ ನಾನಲ್ಲಿ ಕಾಲೂ ಇಡ್ತಿರ್ಲಿಲ್ಲ.”

“ಹೇಗ್ ಗೊತ್ತಾಗ್ಬೇಕು ನಿಂಗೆ, ನಾವೇ ಮುಚ್ಚಿಟ್ಟಿದ್ದು,” ಎಂದ ನಮ್ಮಣ್ಣ, ರಕ್ತದ ಕೈಯನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ, “ತಪ್ಪಾಯ್ತಪ್ಪಾ. ಆ ಏಟು ಹೊಡೀಬೇಕಾಗಿದ್ದು ಬೇರೆಯೋರಿಗೆ. ಆತ ಸತ್ತು ನಲ್ವತ್ತು ವರ್ಷ ಆಯ್ತು.”

“ಸಾಕು ಸಾಕು, ಕೂತ್ಕೋ,” ಎಂದ ಗೆರ್ಹಾರ್ಡ್ ಗಾಬರಿಯಿಂದ. ತಪ್ಪಾಯಿತು ಎಂಬುದು ಬಂದಿತ್ತು, ಇನ್ನೆರಡು ಮಾತಾಡಿದರೆ ಕೆಡಿಸಿಯಾನೆಂದು ಭಯ.

ಜಾಗ ಉಳಿಯಿತು. ಸಭೆ ಮುಗಿದದ್ದೇ ನಮ್ಮಣ್ಣ ನೆಟ್ಟಗೆ ಸ್ಮಶಾನಕ್ಕೆ ಹೋಗಿ, ಆ ಮೂಲೆಯಲ್ಲಿ ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿದ. ಬೇಲಿಗೆ ಕಾಲು ತಾಗುತ್ತದೆಯೋ ಇಲ್ಲವೋ ನೋಡುತ್ತಿದ್ದನಂತೆ.

“ಏಳೋ, ಉಣ್ಣೆಹುಳ ಹತ್ಕೊಳ್ತಾವೆ!” ಎಂದೆ.

“ಸ್ವಲ್ಪ ತಡಿಯೇ,” ಎಂದ.