ಕೆನ್ನೆಗೆ ಹಚ್ಚಿಕೊಂಡ ರಂಗೂನು

ಜಯನಗರದಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದಲ್ಲೆಲ್ಲ ನಮಗೆ ಕಾಫಿ ಕೊಟ್ಟರು, ಮನೆ ಕೊಡಲಿಲ್ಲ. ರಂಗೂನಿನಿಂದ ಓಡಿಬಂದವರು ಎಂದು ತಿಳಿದ ಕೂಡಲೇ ಅಯ್ಯೋ ಪಾಪ ಎಂದು ಮರುಗಿ, ಮಗಳ ಬಾಣಂತನಕ್ಕೆ ಮನೆ ಬೇಕಾಗಿದೆ ಎನ್ನುತ್ತಿದ್ದರು. ಅಲ್ಲಿ ಹೀಗಿರಲಿಲ್ಲ. ಅಲ್ಲಿ ನಮ್ಮನ್ನು ‘ಕಲಾ’ ಎಂದು, ಅಂದರೆ ಕಡಲಾಚೆಯವರು ಎಂದು, ಮುಖದ ಮೇಲೇ ಬೈಯುತ್ತಿದ್ದರು. ಅಜ್ಜ ಕೋಲಾರದಿಂದ ಹೋಗಿ ಇಟ್ಟಿದ್ದ ಅಂಗಡಿಯನ್ನು ಸರ್ಕಾರ ಕಿತ್ತುಕೊಂಡಾಗಲೂ ಯಾರೂ ಸಿಹಿ ಮಾತಾಡಲಿಲ್ಲ. ಉಟ್ಟ ಬಟ್ಟೆಯಲ್ಲೇ ಹಡಗು ಹತ್ತಿದೆವು.

ಕೊನೆಗೆ ಮನೆ ಕೊಟ್ಟವರು ಶಾರದಮ್ಮ. ಅವರ ಹಿತ್ತಲಿನ ಕೋಣೆಗಳಲ್ಲಿ ನಾನೂ ನನ್ನ ಗಂಡನೂ ನೆಲೆ ನಿಂತೆವು. ಇಲ್ಲಿಯವರಂತೆ ಹುಳಿ ಮಾಡುವುದನ್ನು ನನಗೆ ಅವರೇ ಕಲಿಸಿದರು. ಬರುವಾಗ ಸೆರಗಿನ ತುದಿಗೆ ಕಟ್ಟಿಕೊಂಡು ತಂದಿದ್ದ ತನಖಾ ತುಂಡನ್ನು ನಾನು ಅವರಿಗೆ ತೋರಿಸಿದೆ. ಅದು ಗಂಧದ ಹಾಗೆ ಕಲ್ಲಿನ ಮೇಲೆ ತೇಯುವ ಮರದ ತೊಗಟೆ; ಬರ್ಮಾದ ಹೆಂಗಸರು ಕೆನ್ನೆಗೆ ಬಳಿದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಶಾರದಮ್ಮ ತಾವೂ ಹಚ್ಚಿಕೊಂಡು, ತಂಪಾಗಿದೆ ಕಣ್ರೀ ಎಂದು ಕನ್ನಡಿ ನೋಡಿ ನಕ್ಕಿದ್ದರು. ನನಗೊಬ್ಬಳು ಅಕ್ಕ ಸಿಕ್ಕಳು ಎಂದುಕೊಂಡೆ.

ನವರಾತ್ರಿಗೆ ಅವರು ಗೊಂಬೆ ಕೂರಿಸಿ ಅರಿಸಿನ ಕುಂಕುಮಕ್ಕೆ ಕರೆದರು. ಹಬ್ಬವಲ್ಲವೇ ಎಂದು, ಅಲ್ಲಿಯ ರೂಢಿಯಂತೆ ಕೆನ್ನೆಗೆ ದಪ್ಪಗೆ ತನಖಾ ಹಚ್ಚಿಕೊಂಡು ಹೋದೆ. ಜಮಖಾನದ ಮೇಲಿದ್ದ ಹೆಂಗಸರು ಸರಿದು ಕೂತರು. ಒಬ್ಬರು ನನ್ನನ್ನು ಬಿಟ್ಟು ಶಾರದಮ್ಮನವರನ್ನು ಕೇಳಿದರು, ಇವರ ಮುಖಕ್ಕೆ ಏನಾಗಿದೆ ಎಂದು. ನನಗೆ ಅಳುಕಾಗಲಿಲ್ಲ. ಉತ್ತರ ಗೊತ್ತಿದ್ದವರನ್ನೇ ಕೇಳಿದ್ದರಲ್ಲ.

“ನಂಗೇನ್ರೀ ಗೊತ್ತು,” ಎಂದರು ಶಾರದಮ್ಮ. “ಕಾಯಿಲೆ ಕಸಾಲೆ ಏನಾದ್ರೂ ಇದ್ದೀತು. ಹಡಗಲ್ಲಿ ಬಂದೋರು. ಪಾಪ ಅಂತ ಇಟ್ಕೊಂಡೆ. ದೀಪಾವಳಿ ಕಳೀಲಿ, ಬಿಡಿಸ್ತೀನಿ.”

ಎಲ್ಲರ ಹಣೆಗೂ ತಾವೇ ಕುಂಕುಮ ಇಟ್ಟವರು, ನನ್ನ ಮುಂದೆ ಬಟ್ಟಲನ್ನು ನೆಲದ ಮೇಲಿಟ್ಟು ತಳ್ಳಿದರು. ಮನೆಗೆ ಬಂದು ಅತ್ತುಬಿಟ್ಟೆ. ಅಂಗಡಿ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಹೆಂಗಸರೆಲ್ಲ ಹೋದ ಮೇಲೆ ಶಾರದಮ್ಮ ಕಡಲೆಕಾಳಿನ ಉಸಲಿ ಹಿಡಿದುಕೊಂಡು ಬಂದರು.

“ಮನೆ ಬಿಡೋದೇನೂ ಬೇಡ ಲಲಿತಾ. ಅವರ ಮುಂದೆ ಹಾಗನ್ನದೆ ಇದ್ರೆ ನಾಳೆ ನಮ್ಮನೆಗೆ ಯಾರು ಬರ್ತಾರೆ ಹೇಳಿ?”

ಈ ಪ್ರೀತಿಯೇ ನಿಜ, ಆ ಮಾತು ಬರೀ ಅಂಜಿಕೆಯದು ಎಂದು ನಂಬಲು ನೋಡಿದೆ. ಆದರೆ ಕಾಯಿಲೆ ಎಂಬ ಮಾತು ಅವರ ಬಾಯಿಗೆ ತಡಕಾಡದೆ ಬಂದಿತ್ತು. ನನ್ನೊಡನೆ ನಗುತ್ತಿದ್ದಾಗಲೆಲ್ಲ ಅದನ್ನು ಒಳಗೇ ತಡೆದಿಟ್ಟುಕೊಂಡಿದ್ದರೋ ಏನೋ.

“ನಾಳೆ ಆರತಿಗೆ ಬನ್ನಿ,” ಎಂದರು. “ಮುಖ ತೊಳ್ಕೊಂಡು ಬನ್ನಿ.”

ರಂಗೂನಿನಲ್ಲಾಗಿದ್ದರೆ ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ಇಲ್ಲಿ ಹಲ್ಲು ಕಚ್ಚಿಕೊಂಡು, ಆಮೇಲೆ ನಕ್ಕು, “ಆಗಲಿ ಅಕ್ಕಾ, ಬರ್ತೀನಿ,” ಎಂದೆ. ಅವರು ಸಮಾಧಾನದಿಂದ ಹೋದರು. ನಾನು ಈ ಊರಿನವಳಾದದ್ದು ಆಗಲೇ. ಹೀಗೆ ಆಗಬೇಕೆಂದು ನಾನು ಬಯಸಿರಲಿಲ್ಲ.