ಪ್ರಮೋದಾಳ ಸೈಕಲ್ಲಿಗೆ ಕೈ ಹಾಕಿದವರು

ಪ್ರಮೋದಾ ಹನ್ನೊಂದು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿದ್ದಾಳೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಒಂದು ಸಣ್ಣ ಊರಿನ ಹಾಲಿನ ಸೊಸೈಟಿಯಲ್ಲಿ ಅವಳ ಕೆಲಸ. ಕ್ಯಾನು ಹಿಡಿದು ಬಂದವರ ಮುಖ ನೋಡುವುದಕ್ಕೆ ಮೊದಲು ಹಾಲಿನ ಬಣ್ಣ ನೋಡುತ್ತಾಳೆ. ನೀರು ಬೆರೆಸಿಲ್ಲವೆಂದು ಆಣೆ ಇಟ್ಟವರ ಮೇಲೆ ಅವಳಿಗೆ ಇನ್ನಷ್ಟು ಅನುಮಾನ. ಸಾಲಿನಲ್ಲಿ ನಿಂತವರು ಇದನ್ನು ಆಡಿಕೊಳ್ಳುವುದು ಗೊತ್ತಿದ್ದರೂ ಅವಳು ಬೇಜಾರು ಮಾಡಿಕೊಂಡವಳಲ್ಲ.

ಮನೆ ಆವತಿಯಲ್ಲಿ. ಬಸ್ಸಿಳಿದ ಮೇಲೆ ಸೊಸೈಟಿಗೆ ಮೂರು ಕಿಲೋಮೀಟರು ದಾರಿ, ಕೆರೆ ಏರಿ ದಾಟಿದ ಮೇಲೆ ದಿಣ್ಣೆ. ಹೋದ ವರ್ಷ ದೇವನಹಳ್ಳಿಯಲ್ಲಿ ಅಪಾರ್ಟ್‌ಮೆಂಟು ಖಾಲಿ ಮಾಡುತ್ತಿದ್ದವರೊಬ್ಬರಿಂದ ಹಳೆಯದೊಂದು ಮಡಚುವ ಸೈಕಲ್ಲು ಕೊಂಡಳು. ಬಸ್ಸಿನಲ್ಲಿ ಸೀಟಿನ ಪಕ್ಕಕ್ಕೆ ಇಟ್ಟುಕೊಳ್ಳಬಹುದು, ಇಳಿದು ಬಿಚ್ಚಿದರೆ ಸವಾರಿ. ಮೂರು ಗೇರು, ಮೂರೂ ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಅಡಗಿವೆ. ಹೊರಗೆ ಕಾಣುವುದು ಬದಿಯಿಂದ ಇಣುಕುವ ಬೆರಳುದ್ದದ ಸರಪಳಿ ಮಾತ್ರ. ಹ್ಯಾಂಡಲಿನಿಂದ ಬರುವ ತಂತಿ ಒಂದು ಸಣ್ಣ ಕೊಳವೆಯ ಮೂಲಕ ಆ ಸರಪಳಿಗೆ ಸೇರುತ್ತದೆ. ಕೊಳವೆ ತಿರುಗಿ ತಂತಿ ಸಡಿಲವಾದರೆ ಗೇರು ಹಿಡಿಯುವುದಿಲ್ಲ.

ಮಳೆಗಾಲ ಶುರುವಾದ ವಾರ ದಿಣ್ಣೆಯಲ್ಲಿ ಪೆಡಲು ಇದ್ದಕ್ಕಿದ್ದಂತೆ ಖಾಲಿ ತಿರುಗಿತು. ಅವಳ ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ದೇವನಹಳ್ಳಿಯ ಸೈಕಲ್ ಶಾಪಿನ ಕಾಂತರಾಜು ಕೊಳವೆಯನ್ನು ಎರಡು ಸುತ್ತು ತಿರುಗಿಸಿ ಸರಿಮಾಡಿಕೊಟ್ಟ. ಎಂಟು ದಿನಕ್ಕೆ ಮತ್ತದೇ ಪಾಡು.

"ನಾನ್ ಮಾಡಿದ್ದು ತಾನಾಗೇ ಬಿಚ್ಕೊಳಲ್ಲ ಮೇಡಂ," ಎಂದ ಕಾಂತರಾಜು, ಮತ್ತೆ ಕೊಳವೆ ತಿರುಗಿಸುತ್ತಾ. "ಯಾರೋ ಕೈ ಹಾಕವ್ರೆ."

ಆ ಮಾತು ಪ್ರಮೋದಾಳಿಗೆ ನಾಟಿತು. ಸೈಕಲ್ಲು ನಿಲ್ಲುತ್ತಿದ್ದುದು ಸೊಸೈಟಿಯ ಜಗಲಿಯಲ್ಲಿ. ಅದರ ಪಕ್ಕದಲ್ಲೇ ದಿನಾ ಕೂರುತ್ತಿದ್ದವರು ಆವಲಪ್ಪ. ಎರಡು ಹಸು ಕಟ್ಟಿಕೊಂಡಿದ್ದ ಅರವತ್ತರ ಮನುಷ್ಯ. ಯುಗಾದಿ ಹೊತ್ತಿನಲ್ಲಿ ಅವರ ಹಾಲನ್ನು ತೆಳುವೆಂದು ಅವಳು ವಾಪಸು ಕಳಿಸಿದ್ದಳು. ಅಂದು ಅವರು ಮರುಮಾತಾಡದೆ ಕ್ಯಾನೆತ್ತಿಕೊಂಡು ಹೋಗಿದ್ದರು. ಜಗಳ ಆಡದೆ ಹೋದವರು ಒಳಗೇ ಇಟ್ಟುಕೊಂಡಿರುತ್ತಾರೆ ಎಂಬುದು ಅವಳ ಲೆಕ್ಕ.

ಮಗಳು ಸಿಂಚನಳ ಕೆಂಪು ನೇಲ್ ಪಾಲಿಶ್ ತಂದು ಕೊಳವೆಗೂ ಅದು ತಿರುಗುವ ಕಡ್ಡಿಗೂ ಸೇರಿಸಿ ಒಂದು ಗೆರೆ ಎಳೆದಳು. ಯಾರಾದರೂ ತಿರುಗಿಸಿದರೆ ಗೆರೆ ಒಡೆಯಲೇಬೇಕು. ಐದನೇ ಬೆಳಿಗ್ಗೆ ಹಾಲು ಅಳೆದು ಹೊರಬಂದು ನೋಡಿದರೆ ಗೆರೆ ಒಡೆದಿತ್ತು. ಆವಲಪ್ಪನ ಬೆರಳಲ್ಲಿ ಗ್ರೀಸಿನ ಕಪ್ಪು ಇತ್ತು.

"ಸೈಕಲ್ ಮುಟ್ಟಿದ್ರಾ?" ಎಂದು ಎಲ್ಲರೆದುರೇ ಕೇಳಿದಳು.

ಆವಲಪ್ಪ ಕೈ ನೋಡಿಕೊಂಡರು. ಅವಳು ಉತ್ತರಕ್ಕೆ ಕಾಯಲಿಲ್ಲ.

"ಹಾಲಿನ ಸಿಟ್ಟು ಹಾಲಿನ ಮೇಲಿರ್ಲಿ. ನಾನು ಬಿದ್ದು ಕಾಲು ಮುರ್ಕೊಂಡ್ರೆ ನಿಮ್ಗೇನ್ ಸಿಗುತ್ತೆ?"

ಮರುದಿನದಿಂದ ಕ್ಯಾನು ತರುತ್ತಿದ್ದುದು ಅವರ ಹೆಂಡತಿ ಸಪ್ಪಲಮ್ಮ. ಆಕೆ ಕ್ಯಾನಿಟ್ಟು, ಚೀಟಿ ತೆಗೆದುಕೊಂಡು, ಪ್ರಮೋದಾಳ ಮುಖ ನೋಡದೆ ಹೋಗುತ್ತಿದ್ದಳು. ತಪ್ಪು ಮಾಡಿದವರು ಹೀಗೇ ತಲೆ ತಪ್ಪಿಸಿಕೊಳ್ಳುವುದು ಎಂದುಕೊಂಡಳು ಪ್ರಮೋದಾ. ಕಾಂತರಾಜುವಿನಿಂದ ಮತ್ತೆ ಸರಿಮಾಡಿಸಿ, ಹೊಸ ಗೆರೆ ಎಳೆದು, ಸೈಕಲ್ಲನ್ನು ಸೊಸೈಟಿಯ ಒಳಕೋಣೆಯಲ್ಲಿಟ್ಟು ಬೀಗ ಹಾಕತೊಡಗಿದಳು. ಬೀಗದ ಕೈ ಸೊಂಟದಲ್ಲಿ.

ಆರನೇ ದಿನ ಗೆರೆ ಮತ್ತೆ ಒಡೆದಿತ್ತು.

ಅಂದು ಮಧ್ಯಾಹ್ನ ಮನೆಗೆ ಬಂದವಳು ಮಗಳನ್ನು ಸುಮ್ಮನೆ ನೋಡುತ್ತಾ ನಿಂತಳು.

"ಯಾಕಮ್ಮಾ ಹಂಗ್ ನೋಡ್ತೀಯಾ? ಈಗ ನಾನಾ?" ಎಂದಳು ಸಿಂಚನ.

ಪ್ರಮೋದಾ ತಕ್ಷಣ ಇಲ್ಲ ಅನ್ನಲಿಲ್ಲ. ಅನ್ನಲಿಲ್ಲವೆಂಬುದು ಅವಳಿಗೇ ಹೊಳೆದು ನಾಚಿಕೆಯಾಯಿತು. ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗು ಮಾಡಿ ಕುಳಿತಳು. ಕೊಳವೆಯ ಹಿಂದೆ ಕಡಲೆಬೇಳೆ ಗಾತ್ರದ ನಟ್ಟೊಂದಿತ್ತು. ಕೊಳವೆಗೆ ಒತ್ತಿಕೊಂಡು ಅದನ್ನು ಅಲುಗದಂತೆ ಹಿಡಿಯಬೇಕಾದ ನಟ್ಟು ದೂರದಲ್ಲಿ ಸುಮ್ಮನೆ ಆಡುತ್ತಿತ್ತು. ಕಾಂತರಾಜು ಮೂರು ಸಲವೂ ಕೊಳವೆ ತಿರುಗಿಸಿದ್ದ, ನಟ್ಟು ಬಿಗಿಸಿರಲಿಲ್ಲ. ಹೊಂಡ ಬಿದ್ದ ರಸ್ತೆಯ ಕುಲುಕಾಟಕ್ಕೆ ಕೊಳವೆ ತಾನಾಗಿಯೇ ತಿರುಗಿ ಗೆರೆ ಒಡೆಯುತ್ತಿತ್ತು.

ಸಿಂಚನ ಮೊಬೈಲಿನಲ್ಲಿ ಹುಡುಕಿ ಹೇಳುತ್ತಾ ಹೋದಳು, ಇವಳು ಮಾಡುತ್ತಾ ಹೋದಳು. ಗೇರನ್ನು ಎರಡಕ್ಕಿಟ್ಟು, ಸರಪಳಿ ಹೊರಬರುವ ಕಡೆಯ ಚಕ್ರದ ನಟ್ಟಿನ ಸಂದಿಯಲ್ಲಿ ಇಣುಕಬೇಕು. ಒಳಗಿನ ಕಡ್ಡಿಯ ಅಂಚು ಚಕ್ರದ ಅಚ್ಚಿನ ತುದಿಗೆ ಸರಿಸಮ ನಿಲ್ಲುವವರೆಗೆ ಕೊಳವೆ ತಿರುಗಿಸಬೇಕು. ಆಮೇಲೆ ಕೊಳವೆಯ ಹಿಂದಿನ ಆ ಸಣ್ಣ ನಟ್ಟು ಬಿಗಿ. ಹಬ್ಬಿಗೆ ನಾಲ್ಕು ಹನಿ ಎಣ್ಣೆ. ಮೂರೂ ಗೇರು ಹಿಡಿದವು. ಹೊಸ ಗೆರೆ ಎಳೆದು ಹನ್ನೆರಡು ದಿನ ಕಾದಳು. ಗೆರೆ ಹಾಗೇ ಇತ್ತು.

ಬೈದದ್ದು ಎಲ್ಲರೆದುರು, ಹಾಗಾಗಿ ಆವಲಪ್ಪನನ್ನು ಹಾಲಿನ ಹೊತ್ತಿಗೆ ಸೊಸೈಟಿಗೆ ಕರೆಸಿ ಎಲ್ಲರೆದುರೇ ಹೇಳಿದಳು. "ತಪ್ಪು ನಂದು. ನಟ್ಟು ಸಡಿಲ ಇತ್ತು. ನೀವು ಮುಟ್ಟಿರ್ಲಿಲ್ಲ."

"ಮುಟ್ಟಿದ್ದೆ," ಎಂದರು ಆವಲಪ್ಪ. "ಅವತ್ತು ಮಳೆ ಇರಿಚಲು ಹೊಡೀತಿತ್ತು. ನೆನೀತದೆ ಅಂತ ಗೋಡೆ ಕಡೆ ಸರಿಸಿದೆ. ಚೈನಿನ ಮಸಿ ಕೈಗಾಯ್ತು."

"ಮತ್ತೆ ಅವತ್ತೇ ಹೇಳ್ಬೋದಿತ್ತಲ್ಲ."

"ನೀನು ಕೇಳ್ಲಿಲ್ಲ ಕಣಮ್ಮಾ. ತೀರ್ಮಾನ ಮಾಡ್ಕೊಂಡೇ ಬಂದಿದ್ದೆ."

ಸಾಲಿನಲ್ಲಿ ಯಾರೂ ನಗಲಿಲ್ಲ. ಪ್ರಮೋದಾ ತಲೆ ತಗ್ಗಿಸಿ ಅವರ ಕ್ಯಾನು ತೆಗೆದುಕೊಂಡಳು.

ಈಗ ಆವಲಪ್ಪ ಮತ್ತೆ ತಾವೇ ಹಾಲು ತರುತ್ತಾರೆ. ಹಸುವಿನ ಬಗ್ಗೆ, ಮಳೆಯ ಬಗ್ಗೆ ನಾಲ್ಕು ಮಾತಾಡುತ್ತಾರೆ. ಸೈಕಲ್ಲೂ ಮತ್ತೆ ಜಗಲಿಗೆ ಬಂದಿದೆ, ಆದರೆ ಅದು ನಿಂತ ಕಡೆ ಅವರು ಬರುವುದಿಲ್ಲ. ಜಗಲಿಯ ಆ ತುದಿಯಲ್ಲಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರುತ್ತಾರೆ.